ಅಣ್ಣ, ಕ್ಲಿಪ್ ತಗೊಳ್ತಿಲ್ಲ

ಮದುವೆಯ ಮಾರನೇ ದಿನ ಬೆಳಿಗ್ಗೆ ಹತ್ತರ ಮೇಲೆ ಈ ಫೋನು ಬರುತ್ತದೆ. ಕುದೂರು, ಸೋಲೂರು, ಮಾಗಡಿ, ಆ ಕಡೆ ಕುಣಿಗಲ್‌ವರೆಗೆ ಕ್ಯಾಮೆರಾ ಹೊತ್ತು ಓಡಾಡುವ ಹುಡುಗರಲ್ಲಿ ಯಾರೋ ಒಬ್ಬ. ರಾತ್ರಿ ರಿಸೆಪ್ಷನ್, ಬೆಳಗಿನ ಜಾವದ ಮುಹೂರ್ತ, ಬೀಗರೂಟ ಎಲ್ಲ ಮುಗಿಸಿ, ಅರೆನಿದ್ದೆ ಮಾಡಿ ಎದ್ದು ಸಿಸ್ಟಮ್ ಮುಂದೆ ಕೂತಿರುತ್ತಾನೆ. ‘ಅಣ್ಣ, ಕ್ಲಿಪ್ ತಗೊಳ್ತಿಲ್ಲ.’ ಆ ದನಿಯ ಗಾಬರಿ ಎಂಥದ್ದು ಅಂತ ಈ ಕಸುಬಿನವರಿಗೆಲ್ಲ ಗೊತ್ತು. ಆಲ್ಬಮ್ ಕೆಟ್ಟರೆ ಇನ್ನೊಂದು ಪ್ರಿಂಟ್ ಹಾಕಿಸಿ ಕೊಡಬಹುದು. ಎರೆದ ಧಾರೆಯನ್ನು ಮತ್ತೆ ಎರೆಯಿರಿ ಅಂತ ಹೆಣ್ಣಿನ ಅಪ್ಪನನ್ನು ಕೇಳಲಾದೀತೆ?

ನಾನು ಮೊದಲು ಕೇಳುವುದು, ಆ ಕಾರ್ಡಿನಲ್ಲಿ ಮತ್ತೆ ಏನಾದರೂ ಶೂಟ್ ಮಾಡಿದೆಯಾ, ಫಾರ್ಮ್ಯಾಟ್ ಕೊಟ್ಟೆಯಾ ಅಂತ. ಎರಡಕ್ಕೂ ‘ಇಲ್ಲ’ ಅಂದರೆ, ‘ಹಾಗಾದ್ರೆ ಏನೂ ಹೋಗಿಲ್ಲ, ಕಾರ್ಡ್ ತೆಗೆದಿಟ್ಟು ಮೊದ್ಲು ತಿಂಡಿ ತಿನ್ನು’ ಅನ್ನುತ್ತೇನೆ. ಬಾಯಿಮಾತಿನ ಸಮಾಧಾನಕ್ಕೆ ಹೇಳುವುದಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಒಂದು ಕ್ಲಿಪ್ಪನ್ನು ಒಲ್ಲೆ ಅಂದಾಗ ಹತ್ತರಲ್ಲಿ ಎಂಟೊಂಬತ್ತು ಸಲ ಒಳಗಿನ ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಆಗುವುದು ಆಮೇಲಿನ ಅರ್ಧ ಗಂಟೆಯಲ್ಲಿ. ಯಾರೋ ಹೇಳಿದರೆಂದು ಸಿಕ್ಕಿದ ಕನ್ವರ್ಟರಿಗೆ ಹಾಕುವುದು, ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ’ ಅಂದಾಗ ಹೂಂ ಅನ್ನುವುದು, ರಿಕವರಿ ಮಾಡಿದ ಫೈಲುಗಳನ್ನು ಅದೇ ಕಾರ್ಡಿಗೆ ತುಂಬುವುದು. ಅಷ್ಟರಲ್ಲಿ ಬದುಕಿದ್ದ ಕ್ಲಿಪ್ಪೂ ಹೋಗಿರುತ್ತದೆ.

ತಿಂಡಿ ತಿಂದು ಬಂದ ಮೇಲಿನ ಮೊದಲ ಪರೀಕ್ಷೆ ವಿಎಲ್‌ಸಿ. 2001ರಿಂದ ಪುಕ್ಕಟೆ ಸಿಗುತ್ತಿರುವ ಈ ಪ್ಲೇಯರ್ ತನಗೆ ಬೇಕಾದ ಡಿಕೋಡರ್‌ಗಳನ್ನೆಲ್ಲ ತಾನೇ ಹೊತ್ತು ತರುತ್ತದೆ, ವಿಂಡೋಸ್‌ನಲ್ಲಿ ಏನಿದೆ ಏನಿಲ್ಲ ಅಂತ ನೋಡುವುದಿಲ್ಲ. ಅದರಲ್ಲಿ ಕ್ಲಿಪ್ ಓಡಿತೋ, ಚಿತ್ರ ಕ್ಷೇಮ, ತಕರಾರು ಎಡಿಟಿಂಗ್ ಸಾಫ್ಟ್‌ವೇರಿನದು. ಓಡಲಿಲ್ಲವೋ, ಹಿಡಿಯಬೇಕಾದ ದಾರಿಯೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದು ಮೀಡಿಯಾಇನ್ಫೋ ಅನ್ನುವ ಚಿಕ್ಕ ಪ್ರೋಗ್ರಾಂ. ‘ಮೊನ್ನೆದೂ ಎಂಪಿ4, ಇದೂ ಎಂಪಿ4, ಅದು ತಗೊಳ್ತು, ಇದ್ಯಾಕೆ ತಗೊಳ್ಳಲ್ಲ’ ಅಂತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಂಪಿ4 ಅನ್ನುವುದು ಹೊರಗಿನ ಕಟ್ಟಷ್ಟೆ. ಒಳಗೆ ಎಚ್.264 ಇರಬಹುದು, ಎಚ್.265 ಇರಬಹುದು; 8 ಬಿಟ್ ಇರಬಹುದು, 10 ಬಿಟ್ ಇರಬಹುದು; ಸೆಕೆಂಡಿಗೆ 25 ಫ್ರೇಮೋ, 50 ಫ್ರೇಮೋ, ಗೊತ್ತುಗುರಿ ಇಲ್ಲದ ಲೆಕ್ಕವೋ. ಮೀಡಿಯಾಇನ್ಫೋ ಅದನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಅದನ್ನು ಓದದೆ ಸಾಫ್ಟ್‌ವೇರನ್ನು ಅಳಿಸಿ ಹೊಸದಾಗಿ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ, ಒಂದು ದಿನದ ಕೆಲಸ ಸುಮ್ಮನೆ ಹಾಳು.

ನಮ್ಮ ಕಡೆ ‘ಟ್ರೆಡಿಷನಲ್’ ವಿಡಿಯೋಗೆ ಇವತ್ತಿಗೂ ಹೆಗಲ ಮೇಲೆ ಕೂರುವ ಸೋನಿ, ಕೈಯಲ್ಲಿ ಹಿಡಿಯುವ ಪ್ಯಾನಾಸಾನಿಕ್ ಕ್ಯಾಮೆರಾಗಳನ್ನು ಬಳಸುತ್ತಾರೆ. ಕ್ಯಾಂಡಿಡ್‌ನವರು ಬಂದ ಮೇಲೆ ಇವರನ್ನು ಮೂಲೆಗೆ ನಿಲ್ಲಿಸುತ್ತಾರೆ ಅನ್ನುವುದು ಬೇರೆ ಮಾತು. ಆದರೆ ಅಜ್ಜಿ, ಅತ್ತೆ, ಸೋದರಮಾವ ಎಲ್ಲರ ಮುಖವೂ ಬಿಡದೆ ಸಿಗುವುದು ಇವರ ಕಾರ್ಡಿನಲ್ಲೇ. ಈ ಕ್ಯಾಮೆರಾಗಳಲ್ಲಿ ಬಹಳಷ್ಟು ಬರೆಯುವುದು ಎವಿಸಿಎಚ್‌ಡಿ ಪದ್ಧತಿಯಲ್ಲಿ. ಸೋನಿ, ಪ್ಯಾನಾಸಾನಿಕ್ ಎರಡೂ ಸೇರಿ 2006ರಲ್ಲಿ ತಂದದ್ದು. ಕಾರ್ಡ್ ತೆರೆದರೆ ಪ್ರೈವೇಟ್ ಅಂತ ಒಂದು ಫೋಲ್ಡರ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್, ಕೊನೆಗೆ 00000.ಎಂಟಿಎಸ್, 00001.ಎಂಟಿಎಸ್ ಅಂತ ಸಾಲು. ಸ್ಟ್ರೀಮ್‌ನ ಅಕ್ಕಪಕ್ಕದಲ್ಲಿ ಇನ್ನೂ ಒಂದೆರಡು ಫೋಲ್ಡರ್, ಒಳಗೆ ಕೆಲವೇ ಕೆಬಿಯ ಫೈಲುಗಳು. ‘ಇವೆಲ್ಲ ಏನಕ್ಕೆ’ ಅಂದುಕೊಂಡು ಎಂಟಿಎಸ್‌ಗಳನ್ನಷ್ಟೇ ಎಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ತೊಂದರೆ ಹುಟ್ಟುವುದು ಅಲ್ಲೇ. 32 ಜಿಬಿವರೆಗಿನ ಎಸ್‌ಡಿ ಕಾರ್ಡುಗಳು ಫ್ಯಾಟ್32 ಪದ್ಧತಿಯವು. ಅವುಗಳಲ್ಲಿ ಒಂದೇ ಫೈಲು 4 ಜಿಬಿ ಮೀರುವ ಹಾಗಿಲ್ಲ. ಸೆಕೆಂಡಿಗೆ 28 ಮೆಗಾಬಿಟ್ ಲೆಕ್ಕದಲ್ಲಿ ಬರೆಯುತ್ತ ಹೋದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಅಷ್ಟು ತುಂಬುತ್ತದೆ. ಕ್ಯಾಮೆರಾ ನಿಲ್ಲುವುದಿಲ್ಲ, ಸದ್ದಿಲ್ಲದೆ ಮುಂದಿನ ಫೈಲಿಗೆ ದಾಟುತ್ತದೆ. ಕೆಲವು 2 ಜಿಬಿಗೇ ದಾಟುತ್ತವೆ. ಇದು ಅದರ ಮುಂದುವರಿಕೆ, ನಡುವೆ ಬಿಡುವಿಲ್ಲ ಅನ್ನುವ ಲೆಕ್ಕ ಇರುವುದು ನಾವು ಬಿಟ್ಟುಬಂದ ಆ ಸಣ್ಣ ಫೈಲುಗಳಲ್ಲಿ. ಅವಿಲ್ಲದಿದ್ದರೆ ಪ್ರತಿ ತುಂಡೂ ಟೈಮ್‌ಲೈನ್ ಮೇಲೆ ಬೇರೆಬೇರೆಯಾಗಿ ಬೀಳುತ್ತದೆ, ಕೂಡುವ ಜಾಗದಲ್ಲಿ ಧ್ವನಿ ಒಂದು ಚೂರು ಕತ್ತರಿಸುತ್ತದೆ. ಭಾಷಣದ ನಡುವೆ ಕತ್ತರಿಸಿದರೆ ಯಾರೂ ಕೇಳುವುದಿಲ್ಲ. ಗಟ್ಟಿಮೇಳದ ನಡುವೆ ಕತ್ತರಿಸಿದರೆ ಮನೆಮಂದಿಯೆಲ್ಲ ತಿರುಗಿ ನೋಡುತ್ತಾರೆ. ಕಾರ್ಡನ್ನು ಮೊದಲ ಫೋಲ್ಡರಿನಿಂದ ಹಿಡಿದು ಇದ್ದದ್ದು ಇದ್ದ ಹಾಗೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಪ್ರೀಮಿಯರ್ ಆದರೆ ಮೀಡಿಯಾ ಬ್ರೌಸರ್‌ನಿಂದ, ಎಡಿಯಸ್ ಆದರೆ ಸೋರ್ಸ್ ಬ್ರೌಸರ್‌ನಿಂದ ತೆಗೆದುಕೊಂಡರೆ ತುಂಡುಗಳು ಕೂಡಿಕೊಂಡು ಒಂದೇ ಕ್ಲಿಪ್ ಆಗಿ ಬರುತ್ತವೆ.

ಇನ್ನೊಂದು. ಫಾರ್ಮ್ಯಾಟ್ ಮಾಡಿದ ಪ್ರತಿ ಕಾರ್ಡಿನಲ್ಲೂ ಎಣಿಕೆ 00000ದಿಂದಲೇ ಶುರುವಾಗಬಹುದು. ರಿಸೆಪ್ಷನ್ ಕಾರ್ಡು, ಮುಹೂರ್ತದ ಕಾರ್ಡು ಎರಡನ್ನೂ ಒಂದೇ ಫೋಲ್ಡರಿಗೆ ಸುರಿದು ‘ರಿಪ್ಲೇಸ್’ ಒತ್ತಿದರೆ ಒಂದರ ಮೇಲೊಂದು ಕೂತು ಮೊದಲಿನದು ಅಳಿಸಿಹೋಗುತ್ತದೆ. ಅದಕ್ಕೇ ಕಾರ್ಡಿಗೊಂದು ಫೋಲ್ಡರ್, ಹೆಸರಿನಲ್ಲಿ ತಾರೀಖು, ಊರು, ಕ್ಯಾಮೆರಾ. ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಬೇಕು ಅಂತ ನನಗೆ ಬಹಳ ಆಸೆ. ಆದರೆ ಫೈಲಿನ ದಾರಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಕಂಡರೆ ಎಡವುವ ಹಳೆಯ ಪ್ಲಗಿನ್‌ಗಳು ಇನ್ನೂ ಇವೆ. ಊರ ಮದುವೆಯನ್ನು ಊರ ಲಿಪಿಯಲ್ಲಿ ಹೆಸರಿಸಿಡಲು ಆಗದಿರುವುದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಕ್ಲಿಪ್ ನಿನ್ನೆ ತಗೊಂಡಿತ್ತು, ಇವತ್ತು ಪೂರ್ತಿ ಕೆಂಪು ಪರದೆ, ‘ಮೀಡಿಯಾ ಆಫ್‌ಲೈನ್’ ಅಂತಿದೆ ಅನ್ನುವವರೂ ಇದ್ದಾರೆ. ಇವರಿಗೆ ಕುದೂರಿನ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ಮಾಗಡಿ ತಾಲ್ಲೂಕು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು, ಆಮೇಲೆ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಅಷ್ಟಾದರೂ ಭೈರವನದುರ್ಗದ ಪಕ್ಕದಿಂದ ಊರು ಒಂದು ಗೇಣೂ ಕದಲಿಲ್ಲ. ಪ್ರಾಜೆಕ್ಟ್ ಫೈಲಿನಲ್ಲಿ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆ. ಹಾರ್ಡ್‌ಡಿಸ್ಕನ್ನು ಬೇರೆ ಯುಎಸ್‌ಬಿಗೆ ಚುಚ್ಚಿದಾಗ ನಿನ್ನೆಯ ‘ಇ’ ಡ್ರೈವ್ ಇವತ್ತು ‘ಎಫ್’ ಆಗಿರುತ್ತದೆ. ಹೊಸ ವಿಳಾಸ ತೋರಿಸಿ ರೀಲಿಂಕ್ ಕೊಟ್ಟರೆ ಮುಗಿಯಿತು. ಆದರೆ ಕಾಪಿ ಮಾಡದೆ ನೇರ ಕಾರ್ಡಿನಿಂದಲೇ ಟೈಮ್‌ಲೈನಿಗೆ ಎಳೆದು, ಕಾರ್ಡನ್ನು ಮುಂದಿನ ಮದುವೆಗೆ ಫಾರ್ಮ್ಯಾಟ್ ಮಾಡಿದ್ದರೆ ರೀಲಿಂಕ್ ಮಾಡಲು ಏನೂ ಉಳಿದಿರುವುದಿಲ್ಲ. ಮದುವೆ ಸೀಸನ್‌ನಲ್ಲಿ ಆಗುವ ನಿಜವಾದ ನಷ್ಟ ಇದು.

ಚಿತ್ರ ಬಂದು ಧ್ವನಿ ಬರದಿದ್ದರೆ ಅದು ಸಾಮಾನ್ಯವಾಗಿ ಡಾಲ್ಬಿಯ ಸಮಾಚಾರ. ಎವಿಸಿಎಚ್‌ಡಿಯಲ್ಲಿ ಧ್ವನಿ ಹೆಚ್ಚಾಗಿ ಎಸಿ-3 ರೂಪದಲ್ಲಿರುತ್ತದೆ. ಅದನ್ನು ಓದುವ ಕೆಲಸವನ್ನು ಕೆಲವು ಸಾಫ್ಟ್‌ವೇರುಗಳು ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟಿವೆ, ಅಲ್ಲಿ ಡಿಕೋಡರ್ ಇಲ್ಲದಿದ್ದರೆ ಮೌನ. ಎಫ್‌ಎಫ್‌ಎಂಪೆಗ್‌ನಲ್ಲಿ ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಪಿಸಿಎಂಗೆ ತಿರುಗಿಸಿಕೊಳ್ಳಬಹುದು. ಅದಕ್ಕಿಂತ ಮೊದಲು ಮೀಡಿಯಾ ಕ್ಯಾಶ್ ಅಳಿಸಿ ನೋಡಬೇಕು, ಅನೇಕ ಸಲ ಅಷ್ಟರಲ್ಲೇ ವಾಲಗದ ಸದ್ದು ವಾಪಸ್ ಬರುತ್ತದೆ.

ಧ್ವನಿ ಬಂದು ಚಿತ್ರ ಬರದಿದ್ದರೆ? ಹೊಸ ಕ್ಯಾಮೆರಾ ಕೊಂಡವರ ಮನೆಯ ದುಃಖ ಇದು. ಸಾಲ ಮಾಡಿ ಕ್ಯಾಮೆರಾ ತಂದಿರುತ್ತಾರೆ, ಮೆನುವಿನಲ್ಲಿ ಇರುವುದರಲ್ಲೆಲ್ಲ ದೊಡ್ಡದನ್ನೇ ಆರಿಸಿರುತ್ತಾರೆ: 4ಕೆ, 4:2:2, 10 ಬಿಟ್. ಬಣ್ಣ ತಿದ್ದಲು ಅದು ಒಳ್ಳೆಯದೇ, ಅನುಮಾನ ಇಲ್ಲ. ಆದರೆ ಅದನ್ನು ಬಿಚ್ಚಿ ತೋರಿಸುವ ಹಾರ್ಡ್‌ವೇರ್ ಎಲ್ಲ ಸಿಸ್ಟಮ್‌ನಲ್ಲೂ ಇರುವುದಿಲ್ಲ. ಎಚ್.265ರ 4:2:2 10 ಬಿಟ್‌ಗೆ ಇಂಟೆಲ್‌ನವರು ಕೈಹಾಕಿದ್ದು 11ನೇ ತಲೆಮಾರಿನ ಪ್ರೊಸೆಸರ್‌ಗಳ ಹೊತ್ತಿಗೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್ ಮೇಲೆ ಇಂಥ ಕ್ಲಿಪ್ಪುಗಳಿಗೆ ಧ್ವನಿ ಕೊಟ್ಟು ಚಿತ್ರ ಕೊಡುವುದಿಲ್ಲ. ಲಿನಕ್ಸ್ ಮೇಲಾದರೆ ಅದೇ ಉಚಿತ ಆವೃತ್ತಿ ಸಾದಾ ಎಚ್.264 ಅನ್ನೂ ತೆಗೆದುಕೊಳ್ಳುವುದಿಲ್ಲ. ಕ್ಲಿಪ್ ಕೆಟ್ಟಿರುವುದಲ್ಲ, ಕಾಸು ಕೊಟ್ಟ ಆವೃತ್ತಿಗೆ ಇಟ್ಟುಕೊಂಡ ಗೆರೆ ಇದು. ಅದು ಗೊತ್ತಿಲ್ಲದ ಹುಡುಗ ಕಾರ್ಡನ್ನು ಬೈಯುತ್ತಾನೆ, ಕಾರ್ಡ್ ಮಾರಿದವನನ್ನು ಬೈಯುತ್ತಾನೆ. ಅಂಥವರಿಗೆ ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೊರೆಸ್‌ಗೆ ತಿರುಗಿಸಿಕೊಳ್ಳಲು ಹೇಳುತ್ತೇನೆ. ಜಾಗ ಬಹಳ ತಿನ್ನುತ್ತದೆ, ಆದರೆ ಟೈಮ್‌ಲೈನ್ ಹಗುರಾಗಿ ಓಡುತ್ತದೆ. ಮೂಲ ಕ್ಲಿಪ್ಪುಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬಾರದು.

ಮೊಬೈಲಿನದು ಇನ್ನೊಂದು ಬಗೆ. ಈಗ ಮದುಮಗಳ ತಂಗಿ, ಚಿಕ್ಕಪ್ಪನ ಮಗ ಎಲ್ಲರೂ ತಮ್ಮ ಫೋನಿನಲ್ಲಿ ಹಿಡಿದದ್ದನ್ನು ‘ಇದನ್ನೂ ಸೇರಿಸಿ’ ಅಂತ ಕಳಿಸುತ್ತಾರೆ. ಸೇರಿಸಲೇಬೇಕು, ಅಡುಗೆಮನೆಯಲ್ಲಿ ನಗುವ ಹೆಂಗಸರು ನಮ್ಮ ದೊಡ್ಡ ಕ್ಯಾಮೆರಾಕ್ಕೆ ಸಿಗುವವರಲ್ಲ. ಆದರೆ ಫೋನು ಬೆಳಕು ಕಮ್ಮಿಯಾದರೆ, ಬಿಸಿಯಾದರೆ ಫ್ರೇಮಿನ ಲೆಕ್ಕವನ್ನು ತಾನೇ ಏರಿಳಿಸಿಕೊಳ್ಳುತ್ತದೆ. ಸಾಫ್ಟ್‌ವೇರ್ ಒಂದೇ ಸಮ ಲೆಕ್ಕ ಅಂತ ನಂಬಿ ಹೊರಟರೆ ಮೊದಲ ನಿಮಿಷ ಸರಿಯಾಗಿದ್ದ ತುಟಿ-ಮಾತು ಹತ್ತನೇ ನಿಮಿಷಕ್ಕೆ ಬೇರೆಬೇರೆ. ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಒಮ್ಮೆ ತಿರುಗಿಸಿಕೊಂಡರೆ ಸರಿಹೋಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನಾನು ತಗೊಳ್ಳುವುದಿಲ್ಲ, ಫೋನನ್ನೇ ತಂದುಕೊಡಿ ಅನ್ನುತ್ತೇನೆ. ವಾಟ್ಸಾಪ್ ಹಿಂಡಿದ ಮೇಲೆ ಮುಖದಲ್ಲಿ ಉಳಿಯುವುದು ಸ್ವಲ್ಪವೇ.

ಇನ್ನು ವಿಎಲ್‌ಸಿಯಲ್ಲೂ ಓಡದ ಕ್ಲಿಪ್ಪಿನ ಮಾತು. ಒಬ್ಬ ಹುಡುಗ ಚಪ್ಪರದ ಹಿಂದಿನ ಸಂಜೆ ಸೋಬಾನೆ ಹೇಳುವ ಮುದುಕಿಯರನ್ನು ಹಿಡಿದಿದ್ದ. ಹಾಡು ನಡೆಯುತ್ತಿರುವಾಗಲೇ ಬ್ಯಾಟರಿ ಸತ್ತಿದೆ. ಫೈಲ್ ಇದೆ, ಗಾತ್ರ 3 ಜಿಬಿಗಿಂತ ಹೆಚ್ಚಿದೆ, ಆದರೆ ಎಷ್ಟು ನಿಮಿಷದ್ದು ಅನ್ನುವ ಜಾಗ ಖಾಲಿ. ವಿಎಲ್‌ಸಿ ತೆರೆದು ಹಾಗೇ ನಿಂತುಬಿಡುತ್ತದೆ. ‘ಅಣ್ಣ, ಫಾರ್ಮ್ಯಾಟ್ ಕೇಳ್ತಿದೆ, ಕೊಟ್ಬಿಡ್ಲಾ?’ ಅಂದ. ‘ಬೇಡಪ್ಪ, ಹಾಗೇ ಕಿತ್ಕೊಂಡು ಕ್ಯಾಮೆರಾ ಸಮೇತ ಬಾ’ ಅಂದೆ. ಮದುವೆ ಆದ ಮೇಲೆ ಮನೆಯವರು ಅವನಿಗೆ ಹೇಳಿದ್ದು: ಹಾಡಿದವರಲ್ಲಿ ಹಿರಿಯಾಕೆ ಗಂಡಿನ ಅಜ್ಜಿ, ಆಕೆಗೆ ಬರುವ ಹಾಡು ಆ ಮನೆಯಲ್ಲಿ ಇನ್ನು ಯಾರಿಗೂ ಬರುವುದಿಲ್ಲ, ಆಕೆ ಈಗ ಹಾಸಿಗೆ ಹಿಡಿದಿದ್ದಾರೆ.

ಎಂಪಿ4 ಬರೆಯುವ ಕ್ಯಾಮೆರಾ ಚಿತ್ರವನ್ನು ಮೊದಲು ಸುರಿಯುತ್ತ ಹೋಗಿ, ಯಾವ ಫ್ರೇಮ್ ಎಲ್ಲಿದೆ, ಯಾವ ಧ್ವನಿ ಯಾವುದಕ್ಕೆ ಅನ್ನುವ ಪಟ್ಟಿಯನ್ನು ಸ್ಟಾಪ್ ಒತ್ತಿದ ಮೇಲೆ ಕೊನೆಗೆ ಬರೆಯುತ್ತದೆ. ಮೂವ್ ಆಟಮ್ ಅನ್ನುತ್ತಾರೆ ಅದಕ್ಕೆ. ಬ್ಯಾಟರಿ ಸತ್ತರೆ, ಕಾರ್ಡ್ ಎಳೆದರೆ ಚಿತ್ರವೆಲ್ಲ ಇರುತ್ತದೆ, ಪಟ್ಟಿ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿದರೆ ಕೆಲವು ಕ್ಯಾಮೆರಾಗಳು ತಾವೇ ‘ರಿಪೇರಿ ಮಾಡಲೇ’ ಅಂತ ಕೇಳುತ್ತವೆ. ಇದು ಕೇಳಲಿಲ್ಲ. ಮೊದಲು ಕಾರ್ಡಿನ ಪೂರ್ತಿ ಇಮೇಜ್ ತೆಗೆದು ಪಕ್ಕಕ್ಕಿಟ್ಟೆ, ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ. ಅನ್‌ಟ್ರಂಕ್ ಅನ್ನುವ ಪುಕ್ಕಟೆ ಸಾಧನ ಒಂದಿದೆ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹಿಡಿದ ಒಂದು ಒಳ್ಳೆಯ ಕ್ಲಿಪ್ಪನ್ನು ಅದಕ್ಕೆ ಮಾದರಿಯಾಗಿ ಕೊಡಬೇಕು. ಅದನ್ನು ನೋಡಿಕೊಂಡು ಕೆಟ್ಟ ಫೈಲಿಗೆ ಪಟ್ಟಿ ಕಟ್ಟುತ್ತದೆ. ಹುಡುಗನನ್ನು ಬೇರೆ ಕಾರ್ಡಿನೊಂದಿಗೆ ಕೆಳಗೆ ಕಳಿಸಿದೆ. ಬಸ್ ನಿಲ್ದಾಣದ ಎದುರು ನಿಂತು ಎರಡು ನಿಮಿಷ ಹಿಡಿದು ತಂದ: ತಿರುಗಿಸಿಕೊಳ್ಳುತ್ತಿರುವ ಕೆಂಪು ಬಸ್ಸು, ಎಳನೀರು ಕೆತ್ತುವವನು, ಬಾಳೆಗೊನೆ ಹೊತ್ತ ಟೆಂಪೊ, ಹಾರ್ನಿನ ಸದ್ದು. ಆ ಕ್ಲಿಪ್ಪನ್ನು ಮುಂದಿಟ್ಟುಕೊಂಡು ಅನ್‌ಟ್ರಂಕ್ ಓಡಿತು. ಚಿತ್ರ ಬಂತು. ಹಳದಿ ಬಲ್ಬಿನ ಕೆಳಗೆ ಗೋಡೆಗೆ ಒರಗಿ ಕೂತ ಅಜ್ಜಿ, ತಾಳಕ್ಕೆ ಮಂಡಿ ತಟ್ಟುತ್ತಿದ್ದ ಕೈ, ಆಮೇಲೆ ದನಿ. ದನಿ ನಡುನಡುವೆ ಜಾರುತ್ತಿತ್ತು, ಅದನ್ನು ಬಿಡಿಸಿ ಬಿಡಿಸಿ ಕೂರಿಸಿದೆ. ಕೊನೆಯ ಒಂದಿಷ್ಟು ಸೆಕೆಂಡು ಸಿಗಲಿಲ್ಲ. ಉಳಿದದ್ದೆಲ್ಲ ಆ ಮನೆಯಲ್ಲಿದೆ.

ಒಂದು ಪ್ರತಿಯನ್ನೇ ನಂಬಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಮ್ಮ ಜಿಲ್ಲೆಯಲ್ಲಿ ಹಿಡಿದ ಚಿತ್ರಗಳಲ್ಲೆಲ್ಲ ಹೆಸರಾದದ್ದು ‘ಶೋಲೆ’. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡಿತು. ಅಷ್ಟು ದುಡ್ಡು ಮಾಡಿದ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ವಿನೆಗರ್ ಸಿಂಡ್ರೋಮ್ ಹಿಡಿದು ಕೆಟ್ಟುಹೋಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಅದನ್ನು ಉಳಿಸಿಕೊಂಡದ್ದು ಬೇರೆ ಕಡೆ ಇಟ್ಟಿದ್ದ ಇಂಟರ್‌ಪಾಸಿಟಿವ್ ಪ್ರತಿಗಳಿಂದ, ಅವುಗಳಲ್ಲೊಂದು ಬ್ರಿಟನ್ನಿನ ಗೋದಾಮಿನಲ್ಲಿತ್ತು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಅದನ್ನು ತೋರಿಸಿದರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’ಕ್ಕೆ ಆ ಭಾಗ್ಯ ಇರಲಿಲ್ಲ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಕಾರ್ಡಿನಿಂದ ಒಂದು ಹಾರ್ಡ್‌ಡಿಸ್ಕಿಗೆ, ಅದರಿಂದ ಇನ್ನೊಂದಕ್ಕೆ, ಆ ಇನ್ನೊಂದು ಬೇರೆ ಮನೆಯಲ್ಲಿ. ಇಷ್ಟಾಗುವವರೆಗೆ ಕಾರ್ಡಿಗೆ ಕೈ ಹಚ್ಚಬಾರದು.

ಹಳೆಯ ಟೇಪುಗಳದ್ದು ಇದಕ್ಕಿಂತ ತುರ್ತಿನ ಕೆಲಸ. ನಮ್ಮ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಶಿವೈಕ್ಯರಾದ ಮೇಲೆ, ತಮ್ಮೂರಿನ ಸಮಾರಂಭಕ್ಕೆ ಅವರು ಬಂದಿದ್ದ ಟೇಪು ಇದೆ, ನೋಡಬಹುದಾ ಅಂತ ಬೀರುವಿನಿಂದ ಮಿನಿ ಡಿವಿ ಕ್ಯಾಸೆಟ್ ತಂದವರಿದ್ದಾರೆ. ಆ ಟೇಪು ಅರವತ್ತು ನಿಮಿಷದ್ದಾದರೆ ಇಳಿಸಿಕೊಳ್ಳಲು ಅರವತ್ತು ನಿಮಿಷವೇ ಬೇಕು, 13 ಜಿಬಿ ಹತ್ತಿರ ಜಾಗ ಬೇಕು. ಕಷ್ಟ ಅದಲ್ಲ. ಟೇಪು ಓಡಿಸುವ ಕ್ಯಾಮೆರಾದ ಹೆಡ್ ಸವೆದಿರುತ್ತದೆ. ಫೈರ್‌ವೈರ್ ಕಿಂಡಿ ಈಗಿನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಇದ್ದ ಡೆಸ್ಕ್‌ಟಾಪಿನಲ್ಲೂ ವಿಂಡೋಸ್‌ನ ಹಳೆಯ ‘ಲೆಗಸಿ’ ಡ್ರೈವರ್ ಹುಡುಕಿ ಹಾಕಿದರೇ ಸಾಫ್ಟ್‌ವೇರಿಗೆ ಕ್ಯಾಮೆರಾ ಕಾಣುವುದು. ಆ ಕಾಲದ ಕ್ಯಾನೋಪಸ್ ಕಾರ್ಡು ಇರುವ ಸಿಸ್ಟಮ್ ಯಾರ ಅಟ್ಟದ ಮೇಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೇಪು ಕೆಡುವುದಕ್ಕೆ ಮೊದಲೇ ಅದನ್ನು ಓದುವ ಯಂತ್ರ ಊರಿನಿಂದ ಮಾಯವಾಗುತ್ತಿದೆ.

ಇಷ್ಟೆಲ್ಲ ದಾಟಿ ಪೆನ್‌ಡ್ರೈವ್ ಮನೆ ಸೇರಿದ ಮೇಲೆ ಇನ್ನೊಂದು ಫೋನು ಬರುತ್ತದೆ, ಈ ಸಲ ಹೆಣ್ಣಿನ ಅಪ್ಪನದು: ‘ಯಾಕ್ ಸಾರ್, ಟಿವೀಲಿ ಬರ್ತಾ ಇಲ್ವಲ್ಲ?’ ಕಾರಣಗಳು ಅವೇ. ಟಿವಿ ಸಾಫ್ಟ್‌ವೇರಿಗಿಂತ ಹಠಮಾರಿ. ಹಳೆಯದಾದರೆ ಎಕ್ಸ್‌ಫ್ಯಾಟ್ ಪೆನ್‌ಡ್ರೈವನ್ನು ಗುರುತಿಸುವುದಿಲ್ಲ, ಎಚ್.265 ಅಂದರೆ ಕಪ್ಪು ಪರದೆ. ಅದಕ್ಕೆ ನಾನು ಆ ಮನೆಯ ಟಿವಿ ಯಾವುದು ಅಂತ ಅಡ್ವಾನ್ಸ್ ತಗೊಳ್ಳುವಾಗಲೇ ಕೇಳಿಕೊಂಡುಬಿಡುತ್ತೇನೆ. ಅನುಮಾನ ಇದ್ದರೆ ಫ್ಯಾಟ್32 ಪೆನ್‌ಡ್ರೈವ್, ಎಚ್.264, 1080, ಸೆಕೆಂಡಿಗೆ 25 ಫ್ರೇಮು, ಧ್ವನಿ ಎಎಸಿ, ಮದುವೆಯನ್ನು 4 ಜಿಬಿಯೊಳಗಿನ ಭಾಗಗಳಾಗಿ ಮಾಡಿ ಕೊಡುತ್ತೇನೆ: ಚಪ್ಪರ, ರಿಸೆಪ್ಷನ್, ಮುಹೂರ್ತ, ಬೀಗರೂಟ. ಭಾಗ ಮಾಡುವಾಗ ಒಂದೇ ಎಚ್ಚರ, ಹಾಡಿನ ನಡುವೆ ಕತ್ತರಿ ಬೀಳಬಾರದು. ಪೂರ್ತಿ ಸೈಜಿನ ಮೂಲವನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಕೊಡುತ್ತೇನೆ, ಅದನ್ನು ಟಿವಿಗೆ ಚುಚ್ಚಬೇಡಿ ಅಂತ ಹೇಳಿ.